ಮುಳ್ಳಿಗಿಟ್ಟ ಕುಂಕುಮ

ಗ್ರೇಡರ್ ಸಾಹೇಬರ ತಿಥಿಯ ಊಟಕ್ಕೆ ಕೂತಿದ್ದಾಗ ನನ್ನ ಪಕ್ಕದ ಎಲೆಯವರೊಬ್ಬರು ಸಾರನ್ನು ಬೆರಳಿಗೆ ತಾಗಿಸಿ ನೆಕ್ಕಿದರು. ಕಣ್ಣು ಅರೆ ಮುಚ್ಚಿ, ತುಟಿ ಮುಂದಕ್ಕೆ ಚಾಚಿ, "ಲೋ" ಅಂದರು. ಎದುರು ಸಾಲಿನವರೆಲ್ಲ ನಕ್ಕರು. ಬಡಿಸುತ್ತಿದ್ದವನು ಕೂಡ ಸೌಟು ಹಿಡಿದುಕೊಂಡೇ ನಕ್ಕ. ಸತ್ತವರ ಮನೆಯಲ್ಲಿ ಕೂತು ಸತ್ತವರನ್ನೇ ಅಣಕಿಸುವುದು ಚೆಂದವಲ್ಲ, ನಿಜ. ಆದರೆ ಹುಣಸೂರಿನ ನಮ್ಮ ಬಡಾವಣೆಯಲ್ಲಿ ಅವರನ್ನು ನೆನೆಯುವುದಕ್ಕೆ ಯಾರಿಗೂ ಬೇರೆ ವಿಧಾನ ಗೊತ್ತಿರಲಿಲ್ಲ.

ಅವರ ಹೆಸರು ಇಲ್ಲಿ ಬೇಡ. ಹೆಸರು ಹಿಡಿದು ಕೇಳಿದರೆ ನಮ್ಮ ಬೀದಿಯವರೇ ಮನೆ ತೋರಿಸುತ್ತಿರಲಿಲ್ಲ. ಗ್ರೇಡರ್ ಸಾಹೇಬರು ಅಂದರೆ ಆಟೋದವರು ಗೇಟಿನವರೆಗೆ ತಂದು ಬಿಡುತ್ತಿದ್ದರು. ಹೊಗೆಸೊಪ್ಪು ಕೊಳ್ಳುವ ಕಂಪನಿಯೊಂದರಲ್ಲಿ ಅವರು ನಿವೃತ್ತರಾಗುವವರೆಗೂ ಸೊಪ್ಪಿನ ದರ್ಜೆ ಹೇಳುವ ಕೆಲಸದಲ್ಲಿದ್ದರು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ರೈತ ಬೇಸಿಗೆಯಲ್ಲಿ ಸಸಿಮಡಿ ಮಾಡಿ, ಮಳೆ ಬಿದ್ದಾಗ ನೆಟ್ಟು, ಎಲೆ ಮುರಿದು, ಬ್ಯಾರನ್ ಅನ್ನುವ ಒಲೆಮನೆಯ ಮುಂದೆ ನಿದ್ದೆಗೆಟ್ಟು ಸೌದೆ ಹಾಕಿ ಬೇಯಿಸಿ, ಗೋಣಿಯಲ್ಲಿ ಬೇಲು ಕಟ್ಟಿಕೊಂಡು ಮಾರುಕಟ್ಟೆಗೆ ಬರುತ್ತಾನೆ. ಗ್ರೇಡರ್ ಆ ಬೇಲಿನ ನಡುವಿಗೆ ಕೈ ಹಾಕಿ ಒಂದಿಷ್ಟು ಎಲೆ ಎಳೆಯುತ್ತಾರೆ. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮೂಸುತ್ತಾರೆ. ಆಮೇಲೆ ಒಂದೇ ಮಾತು: ಬ್ರೈಟ್, ಮೀಡಿಯಂ ಅಥವಾ ಲೋ. ಯಾರೂ ಕೊಳ್ಳದೆ ಬಿಟ್ಟ ಬೇಲಿಗೆ ನೋ ಬಿಡ್ ಅಂತ ಹೆಸರು. ಇಷ್ಟೆಲ್ಲ ಆಗುವಾಗ ಅವರು ರೈತನ ಮುಖ ನೋಡುತ್ತಿರಲಿಲ್ಲ. ಮುಖ ನೋಡಿದರೆ ಗ್ರೇಡು ಕೆಡುತ್ತದೆ ಅನ್ನುವುದು ಅವರ ನಂಬಿಕೆ.

ನಮ್ಮಪ್ಪನ ಬೇಲಿಗೆ ಲೋ ಅಂದ ಬಾಯಿಯೂ ಅದೇ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿ ನಮ್ಮದು. ಆ ದಿನ ಅಪ್ಪ ಮನೆಗೆ ಬಂದು ಕೈಕಾಲು ಕೂಡ ತೊಳೆಯದೆ ಜಗಲಿಯ ಮೇಲೆ ಕೂತು ಆ ಮೂಗಿಗೆ ಬೈದಿದ್ದು ನನಗೆ ನೆನಪಿದೆ. ಮನುಷ್ಯನಿಗೆ ಬೈಯಲಿಲ್ಲ, ಮೂಗಿಗೆ ಮಾತ್ರ. ನಾನು ಮುಂದೆ ಹೈಸ್ಕೂಲ್ ಟೀಚರಾಗಿ ಹುಣಸೂರಿಗೆ ಬಂದು, ಮನೆ ಮಾಡಿ, ಕಾಂಪೌಂಡಿನ ಆಚೆ ಯಾರಿದ್ದಾರೆ ಅಂತ ನೋಡಿದರೆ ಅದೇ ಮೂಗು. ಅಪ್ಪನಿಗೆ ಹೇಳಿದೆ. "ಅಲ್ಲ ಕಣವ್ವ, ಇಡೀ ಉಣ್ಸೂರಲ್ಲಿ ನಿಂಗೆ ಆ ಮೂಗಿನ್ ಪಕ್ಕನೇ ಮನೆ ಸಿಕ್ಕುದ್ದಾ?" ಅಂದರು.

ನಿವೃತ್ತಿಯಾದ ಮೇಲೆ ಸಾಹೇಬರ ಕಷ್ಟ ಶುರುವಾಯಿತು. ಬೆಳಗಾದರೆ ಗ್ರೇಡು ಹೇಳುವುದಕ್ಕೆ ಏನೂ ಇಲ್ಲ. ಹಾಗಾಗಿ ಸಿಕ್ಕಿದ್ದಕ್ಕೆಲ್ಲ ಹೇಳತೊಡಗಿದರು. ಹಾಲಿನವನ ಹಾಲು ಲೋ. ಕಾರ್ತಿಕದ ಚಳಿ ಮೀಡಿಯಂ. ಕೆ.ಆರ್. ನಗರದ ಅಳಿಯನಿಗೂ ಒಂದು ಗ್ರೇಡು ಕೊಟ್ಟಿದ್ದರಂತೆ, ಅದು ಹೇಗೋ ಅಳಿಯನ ಕಿವಿಗೆ ಬಿದ್ದು ಆತ ಮಾವನ ಮನೆಯಲ್ಲಿ ನೀರು ಕೂಡ ಅಳೆದು ಕುಡಿಯುತ್ತಿದ್ದ. ಇನ್ನು ಅಕ್ಕನ ಉಪ್ಸಾರಿಗೆ ದಿನವೂ ಹರಾಜು. ಅಕ್ಕ ಅಂದರೆ ಅವರ ಹೆಂಡತಿ. ನಾನು ಕರೆಯುತ್ತಿದ್ದದ್ದು ಹಾಗೆ. ಸರಗೂರಿನ ಕಡೆಯವರು. ಮನೆಯಲ್ಲೇ ಮಿಷಿನ್ ಇಟ್ಟುಕೊಂಡು ನಮ್ಮ ಬೀದಿಯ ಎಲ್ಲ ಹೆಂಗಸರ ರವಿಕೆ ಹೊಲಿಯುತ್ತಿದ್ದರು. "ಆಪೀಸ್ನಾಗೆ ಇದ್ದಿದ್ರೆ ಊರೋರ್ಗೆ ಅಂತಿದ್ರು ಟೀಚರ್. ಈಗ ನಾನೊಬ್ಳೇ ಬೇಲು" ಅಂತ ನಗುತ್ತಿದ್ದರು. ಆ ನಗೆಯಲ್ಲಿ ಸುಸ್ತು ಇತ್ತು.

ಆಗಲೇ ಆ ಯಂತ್ರ ಬಂದದ್ದು. ಕೊಡಗಿನ ಕಡೆ ಒಂದು ಕಾಫಿ ತೋಟದ ಹಳೇ ಬಂಗಲೆಯನ್ನು ಖಾಲಿ ಮಾಡುತ್ತಿದ್ದಾರೆ ಅಂತ ಯಾರೋ ಹೇಳಿದ್ದನ್ನು ಕೇಳಿ ಸಾಹೇಬರು ಜೀಪು ಮಾಡಿಕೊಂಡು ಹೋದರು. ಸಂಜೆ ಬಂದಾಗ ಹಿಂದಿನ ಸೀಟಿನಲ್ಲಿ ಅವರೂ, ಅವರ ತೊಡೆಯ ಮೇಲೆ ಬೇಲಿನ ಗೋಣಿಯಲ್ಲಿ ಸುತ್ತಿದ ಒಂದು ದೊಡ್ಡ ಗಂಟೂ ಇದ್ದವು. ಇಳಿಸಲು ಡ್ರೈವರೂ ಕೈ ಕೊಡಬೇಕಾಯಿತು. "ಏನ್ರೀ ಇದು ಇಷ್ಟ್ ಬಾರ, ಒಳ್ಗೆ ಯಾರಾರ ಕೂತವ್ರಾ?" ಅಂದರು ಅಕ್ಕ. ಗೋಣಿ ಬಿಚ್ಚಿದರೆ ಗ್ರಾಮಾಫೋನ್ ಪ್ಲೇಟು ಹಾಕುವ ಯಂತ್ರ. ಜಪಾನಿನದು, ಹಳೆಯದು, ಅದರ ಕಾಲದಲ್ಲಿ ಸಾಹುಕಾರರು ಮಾತ್ರ ಇಟ್ಟುಕೊಳ್ಳುತ್ತಿದ್ದಂಥದ್ದು. ತಟ್ಟೆ ನಮ್ಮ ರೊಟ್ಟಿಯ ಕಾವಲಿಗಿಂತ ದಪ್ಪ. ಪಕ್ಕದಲ್ಲಿ ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ಒಂದು ಬೆಳ್ಳಿ ಬಣ್ಣದ ತೋಳು, ಅದರ ತುದಿಯಲ್ಲಿ ವಜ್ರದ ಮುಳ್ಳು.

"ಮೇಡಂ, ಇದರಲ್ಲಿ ಬೆಲ್ಟ್ ಇಲ್ಲ" ಅಂದರು ಸಾಹೇಬರು, ದನಿ ತಗ್ಗಿಸಿ.

ಪಾಪ, ಮೋಸ ಹೋಗಿದ್ದಾರೆ ಅಂದುಕೊಂಡು ನಾನು, "ಚಿಂತೆ ಮಾಡಬೇಡಿ ಸರ್, ಮೈಸೂರಿಗೆ ಹೋದಾಗ ತರಿಸಬಹುದು" ಅಂದೆ.

ಅವರು ನನ್ನನ್ನು ನೋಡಿದ ನೋಟದಲ್ಲಿ ನಮ್ಮಪ್ಪನ ಬೇಲು ಕಂಡಿತು. ಆಮೇಲೆ ಪಾಠ ಶುರುವಾಯಿತು. ಕಡಿಮೆ ದರ್ಜೆಯ ಯಂತ್ರಗಳಲ್ಲಿ ಮೋಟಾರು ಒಂದು ಕಡೆ, ತಟ್ಟೆ ಇನ್ನೊಂದು ಕಡೆ, ನಡುವೆ ಹಿಟ್ಟಿನ ಗಿರಣಿಯ ಹಾಗೆ ಬೆಲ್ಟ್. ಇದು ಡೈರೆಕ್ಟ್ ಡ್ರೈವ್. ತಟ್ಟೆ ಕೂತಿರುವುದೇ ಮೋಟಾರಿನ ಮೇಲೆ. ನಡುವೆ ಏಜೆಂಟರಿಲ್ಲ. ತಟ್ಟೆಯ ಅಂಚಿನಲ್ಲಿ ಸುತ್ತ ಚುಕ್ಕಿಗಳಿವೆ, ಅವುಗಳ ಮೇಲೆ ಒಂದು ಕೆಂಪು ದೀಪದ ಬೆಳಕು ಬೀಳುತ್ತದೆ. ವೇಗ ಸರಿಯಾಗಿದ್ದರೆ ತಟ್ಟೆ ತಿರುಗುತ್ತಿದ್ದರೂ ಚುಕ್ಕಿಗಳು ನಿಂತ ಹಾಗೆ ಕಾಣುತ್ತವೆ. "ನೋಡಿ, ನಿಂತುಬಿಟ್ಟಿದೆ!" ಅಂದರು, ಕಣ್ಣಲ್ಲಿ ನೀರು ತುಂಬಿಕೊಂಡು.

"ನಿಂತೋದ್ರೆ ಕೆಟ್ಟೋಗದೆ ಅಂತ ಅಲ್ವಾ?" ಅಂದರು ಅಕ್ಕ.

ಇಂಥ ಯಂತ್ರಕ್ಕೆ ಮೇಜು ಸಾಲದು. ಹೆದ್ದಾರಿಯ ಲಾರಿಗಳ ಅದುರು ನೆಲದಲ್ಲಿ ಹರಿದು ಬಂದು ಮುಳ್ಳಿಗೆ ತಾಗುತ್ತದೆ ಅಂತ ಸಾಹೇಬರು ಪತ್ತೆ ಹಚ್ಚಿದರು. ಅದಕ್ಕೆ ಪರಿಹಾರವೂ ಹೊಳೆಯಿತು. ಅಕ್ಕ ತವರಿನಿಂದ ತಂದ ರುಬ್ಬೋ ಕಲ್ಲನ್ನು ಅಡುಗೆಮನೆಯಿಂದ ಎಬ್ಬಿಸಿ, ಹಾಲಿಗೆ ಉರುಳಿಸಿ, ಬೋರಲು ಹಾಕಿ, ಅದರ ಮೇಲೆ ಕಡಪ ಕಲ್ಲಿನ ಚಪ್ಪಡಿ, ಚಪ್ಪಡಿಯ ಮೇಲೆ ಯಂತ್ರ, ಎರಡು ಪಕ್ಕಕ್ಕೂ ಒಂದೊಂದು ಸ್ಪೀಕರು. "ಮಿಕ್ಸಿ ಇದೆಯಲ್ಲ ನಿನಗೆ" ಅಂದರಂತೆ. ಅಂದಿನಿಂದ ಆ ಮನೆಯಲ್ಲಿ ದೋಸೆ ಹಿಟ್ಟಿನ ರುಚಿ ಹೋಯಿತು. ಅದಕ್ಕೂ ಅವರೇ ಲೋ ಅಂದರು.

ಯಂತ್ರ ಓಡುವಾಗ ಫ್ಯಾನು ಹಾಕುವಂತಿಲ್ಲ. ಓಡಾಡುವಂತಿಲ್ಲ. ಕೆಮ್ಮು ಬಂದವರು ಮೊದಲೇ ಕೆಮ್ಮಿಕೊಂಡು ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕುಕ್ಕರ್ ಕೂಗಬಾರದು. ಒಮ್ಮೆ ಅವರ ಕುಕ್ಕರ್ ಸುಮ್ಮನಿದ್ದು ನಮ್ಮ ಮನೆಯದು ಕೂಗಿತು. ಸಾಹೇಬರು ಕಾಂಪೌಂಡಿನ ಹತ್ತಿರ ಬಂದು ನಿಂತು ನಮ್ಮ ಅಡುಗೆಮನೆಯ ಕಿಟಕಿಯನ್ನೇ ನೋಡಿದರು. ಅಂದಿನಿಂದ ಅವರ ಸಂಗೀತದ ಹೊತ್ತಿಗೆ ಸರಿಯಾಗಿ ನಾವೂ ಬೇಳೆ ಬೇಯಿಸುವುದನ್ನು ಬಿಟ್ಟೆವು. ಒಂದು ಯಂತ್ರದಿಂದಾಗಿ ಎರಡು ಮನೆಗಳ ಊಟದ ಹೊತ್ತು ಬದಲಾಯಿತು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಅವರು ಕೇಳುತ್ತಿದ್ದದ್ದು ಹಾಡನ್ನಲ್ಲ. ಯಂತ್ರದ ಗುಣ ಪರೀಕ್ಷಿಸುವುದಕ್ಕೆಂದೇ ಮಾಡಿದ ಒಂದು ಪ್ಲೇಟಿತ್ತು. ಅದರಲ್ಲಿ ಒಂದಷ್ಟು ಕೀಚು ದನಿ, ಒಂದಷ್ಟು ಗುಡುಗು, ಕೊನೆಗೆ ಎಡಗಡೆಯ ಸ್ಪೀಕರಿನಿಂದ ಬಲಗಡೆಯ ಸ್ಪೀಕರಿಗೆ ಓಡುವ ಒಂದು ಉಗಿಬಂಡಿ. ಬಂದವರಿಗೆಲ್ಲ ಅದೇ ಪ್ರಸಾದ. ಹುಣಸೂರಿಗೆ ರೈಲು ಬರುತ್ತದೆ, ಬರುತ್ತದೆ ಅಂತ ನಮ್ಮ ತಾತನ ಕಾಲದಿಂದ ಹೇಳುತ್ತಿದ್ದಾರೆ. ಕೊನೆಗೂ ಅದು ಬಂದದ್ದು ಸಾಹೇಬರ ಹಾಲಿಗೆ.

ಒಂದು ಸಲ ನಮ್ಮಪ್ಪ ಬಂದಿದ್ದಾಗ ಸಾಹೇಬರು ಅವರನ್ನೂ ಕರೆದರು. ಬೇಲಿನ ಕಥೆ ಸಾಹೇಬರಿಗೆ ನೆನಪಿರಲಿಲ್ಲ. ಅವರು ಮುಖ ನೋಡಿದ್ದರೆ ತಾನೆ? ಅಪ್ಪ ಟವೆಲನ್ನು ಹೆಗಲಿಂದ ತೆಗೆದು ತೊಡೆಯ ಮೇಲೆ ಹಾಕಿಕೊಂಡು, ಅದುಮಿಟ್ಟ ಕೆಮ್ಮಿನೊಂದಿಗೆ ಕೂತು, ರೈಲು ಹಾಯುವವರೆಗೂ ಕೇಳಿದರು. ರೈಲು ಹೋಯಿತು. ಸಾಹೇಬರು ಹೊಗಳಿಕೆಗೆ ಕಾದರು. ಅಪ್ಪ ಹೆಬ್ಬೆರಳು ತೋರುಬೆರಳನ್ನು ನಿಧಾನಕ್ಕೆ ಉಜ್ಜಿದರು. ಆ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು. ತುಟಿ ಮುಂದಕ್ಕೆ ಬಂತು.

"ಮೀಡಿಯಂ ಕಣ್ ಸಾಮಿ" ಅಂದರು.

ನಾನು ನಗು ತಡೆಯಲಾರದೆ ಹೊರಗೆ ಓಡಿದೆ. ಅಕ್ಕ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ಕೂತುಬಿಟ್ಟರು. ಸಾಹೇಬರು ಮಾತ್ರ ಗಂಭೀರವಾಗಿ, "ಯಾಕೆ, ಬೇಸ್ ಕಡಿಮೆ ಅನ್ನಿಸ್ತಾ?" ಅಂತ ಕೇಳಿದರು. ಅಪ್ಪ ಊರಿಗೆ ಹೋಗುವಾಗ ಬಸ್ ಸ್ಟ್ಯಾಂಡಿನವರೆಗೂ ನಗುತ್ತಲೇ ಇದ್ದರು. ಎಷ್ಟೋ ವರ್ಷದ ಭಾರ ಇಳಿಸಿಕೊಂಡವರ ಹಾಗೆ ಕಂಡರು.

ಮೈಸೂರಿನಿಂದ ಸಾಹೇಬರಂಥದೇ ಯಂತ್ರದ ಹುಚ್ಚಿದ್ದ ಕೆಲವರು ಕಾರಿನಲ್ಲಿ ಬರುತ್ತಿದ್ದರು. ಸ್ಪೀಕರಿನ ವೈರು ಎಷ್ಟು ದಪ್ಪ ಇರಬೇಕು ಅನ್ನುವುದರ ಮೇಲೆ ಅವರ ಮಾತು ಊಟದ ಹೊತ್ತಿನವರೆಗೂ ನಡೆಯುತ್ತಿತ್ತು. ಪ್ಲೇಟು ಹಾಕಿದರೆ ಪಲ್ಲವಿ ಮುಗಿಯುವ ಮೊದಲೇ ತೆಗೆದು, ತಲೆ ಆಡಿಸಿ, ಇನ್ನೊಂದು ಹಾಕುತ್ತಿದ್ದರು. "ಒಂದ್ ಆಡ್ನೂ ಪೂರ್ತಿ ಕೇಳಾಕಿಲ್ವಲ್ಲ ಟೀಚರ್, ಇವ್ರಿಗೇನಾರ ಕಾಯ್ಲೆಯಾ?" ಅಂತ ಅಕ್ಕ ಕೇಳುತ್ತಿದ್ದರು.

ಅಕ್ಕನಿಗೆ ಕೇಳಬೇಕಾಗಿದ್ದದ್ದು ಒಂದೇ ಹಾಡು. ಅವರ ತಂದೆ ಹಳ್ಳಿಹಳ್ಳಿಗೆ ಹೋಗಿ ರೈತರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಎಚ್.ಡಿ. ಕೋಟೆ ಸೀಮೆಯಲ್ಲಿ ಅವರ ಪೇಟಿಯ ಮುಂದೆ ರಾಜನ ಪಾರ್ಟು ಕಟ್ಟದ ಗೌಡರಿರಲಿಲ್ಲ ಅನ್ನುತ್ತಾರೆ. ಯಾವುದೋ ಕಾಲದಲ್ಲಿ ಯಾವುದೋ ಪ್ಲೇಟಿನ ಕಂಪನಿಯವರು ಅವರನ್ನು ಬೆಂಗಳೂರಿಗೆ ಕರೆಸಿ ಒಂದು ನಾಟಕದ ಹಾಡು ಹಾಡಿಸಿದ್ದರು. ಸಣ್ಣ ಪ್ಲೇಟು. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಿಂದ ಸರಗೂರಿನವರೆಗೆ ಸೌಂಡ್ ಸೆಟ್ಟಿನವರು ಮದುವೆ ಮದುವೆಗೂ ಅದನ್ನು ತಿರುಗಿಸಿ ತಿರುಗಿಸಿ ಸವೆಸಿದರು. ಕೊನೆಗೆ ಅದು ಅಕ್ಕನ ಕೈಗೆ ಬರುವ ಹೊತ್ತಿಗೆ ಮೇಷ್ಟ್ರೂ ಇರಲಿಲ್ಲ, ಸೌಂಡ್ ಸೆಟ್ಟಿನವರ ಹಳೇ ಯಂತ್ರಗಳೂ ಗುಜರಿಗೆ ಹೋಗಿದ್ದವು. ನಾನು ಫೋನಿನಲ್ಲಿ ಹುಡುಕಿಕೊಟ್ಟೆ. ಯಾರ್ಯಾರೋ ಹಾಡಿದರು, ಮೇಷ್ಟ್ರು ಸಿಗಲಿಲ್ಲ. ಆ ಪ್ಲೇಟು ಬೀರುವಿನಲ್ಲಿ ಅಕ್ಕನ ಧಾರೆ ಸೀರೆಯ ಮಡಿಕೆಯೊಳಗೆ ಇತ್ತು.

ಯಂತ್ರ ಬಂದ ದಿನವೇ ಅಕ್ಕ ಅದನ್ನು ತಂದು ಮುಂದೆ ಹಿಡಿದಿದ್ದರು. ಸಾಹೇಬರು ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ ನೋಡಿ, "ಲೋ" ಅಂದರು. "ಈ ಗೀರು ನೋಡು. ಇದನ್ನ ಹಾಕಿದರೆ ವಜ್ರದ ಮುಳ್ಳು ಕೆಟ್ಟುಹೋಗುತ್ತೆ. ಈಗ ಇಂಥ ಮುಳ್ಳು ಮಾಡೋರೇ ಇಲ್ಲ."

ಗೌರಿಹಬ್ಬಕ್ಕೆ ಸೀರೆ ಕೊಡಿಸುತ್ತೇನೆ ಅಂದರೆ ಅಕ್ಕ, "ಸೀರೆ ಬ್ಯಾಡಿ, ನಮ್ಮಪ್ಪನ್ ಪ್ಲೇಟ್ ಹಾಕಿ" ಅಂದರು. ಮುಳ್ಳು ಕೆಡುತ್ತೆ. ಮದುವೆಯಾದ ದಿನ ಬಂದಾಗಲೂ ಅದನ್ನೇ ಕೇಳಿದರು. ಮುಳ್ಳು ಕೆಡುತ್ತೆ. ಒಂದು ದಿನ ಕಾಂಪೌಂಡಿನ ಹತ್ತಿರ ನಿಂತು ನನಗೆ ಹೇಳಿದರು: "ನಮ್ಮಪ್ಪನ್ ಮಕ ಪೋಟೋದಲ್ಲಿ ಅದೆ ಟೀಚರ್. ದನಿ ಮರ್ತೋಯ್ತಾ ಅದೆ. ಮೊದ್ಲು ಕಣ್ಮುಚ್ಕಂಡ್ರೆ ಕೇಳಿಸ್ತಿತ್ತು. ಈಗ ಬೇರೆ ಯಾರ್ದೋ ದನಿ ಬತ್ತದೆ." ನನಗೆ ಸಾಹೇಬರ ಮೇಲೆ ಅವತ್ತು ಬಂದ ಸಿಟ್ಟು ಈಗಲೂ ಪೂರ್ತಿ ಆರಿಲ್ಲ. ಮೈಸೂರಿನವರು ಅರ್ಧಂಬರ್ಧ ಕೇಳಿ ಎತ್ತಿಡುವ ಪ್ಲೇಟುಗಳಿಗೆ ಆ ಮುಳ್ಳು ಸವೆಯಬಹುದು, ಹೆಂಡತಿಯ ಅಪ್ಪನಿಗೆ ಸವೆಯಬಾರದು.

ಹೀಗಿರುವಾಗ ಆಯುಧಪೂಜೆ ಬಂತು.

ನಮ್ಮ ಕಡೆ ಆಯುಧಪೂಜೆ ಅಂದರೆ ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಬೊಟ್ಟು. ಬೀದಿಯಲ್ಲಿ ಟ್ರ್ಯಾಕ್ಟರು, ಟಿಲ್ಲರು, ಆಟೋಗಳಿಗೆ ಬಾಳೆಕಂದು, ಗಾಲಿಗೆ ನಿಂಬೆಹಣ್ಣು. ನಮ್ಮ ಶಾಲೆಯಲ್ಲಿ ಗಂಟೆಗೂ ಚೆಂಡು ಹೂವಿನ ಹಾರ. ಸಾಹೇಬರಿಗೆ ಹಳೇ ಕಂಪನಿಯ ಡಿಪೋದಿಂದ ಪೂಜೆಗೆ ಕರೆ ಬಂದಿತ್ತು; ಹೋಗಿ ಅಲ್ಲಿನ ಪ್ರಸಾದಕ್ಕೆ ಗ್ರೇಡು ಹೇಳಿಬರುವುದು ವಾಡಿಕೆ. ಹೊರಡುವಾಗ ಅಕ್ಕ, "ನಿಮ್ ಮಿಷಿನ್ಗೂ ಪೂಜೆ ಮಾಡ್ಲಾ?" ಅಂತ ಕೇಳಿದರು. ಸಾಹೇಬರು ಚಪ್ಪಲಿ ಮೆಟ್ಟುತ್ತಾ, "ಮುಚ್ಚಳದ ಮೇಲೆ ಒಂದು ಹೂವು ಇಡು, ಸಾಕು" ಅಂದರು.

ಕಡಲೆಪುರಿ, ಬಾಳೆಹಣ್ಣು ಕೊಡಲು ನಾನು ಅವರ ಮನೆಗೆ ಹೋದಾಗ ಪೂಜೆ ಮುಗಿದಿತ್ತು. ಮುಚ್ಚಳ ತೆರೆದಿತ್ತು. ಮುಚ್ಚಳದ ಮೇಲೆ ವಿಭೂತಿಯ ಪಟ್ಟೆ. ಯಂತ್ರದ ನಾಲ್ಕು ಕಾಲಿನಡಿಯೂ ನಿಂಬೆಹಣ್ಣು. ಕೊಕ್ಕರೆ ಕತ್ತಿಗೆ ಚೆಂಡು ಹೂವಿನ ಹಾರ. ತಟ್ಟೆಯ ತುಂಬ ಪುರಿ. ಮತ್ತು ತೋಳಿನ ತುದಿಯಲ್ಲಿ, ವಜ್ರದ ಮುಳ್ಳಿನ ಮೇಲೆ ಸರಿಯಾಗಿ, ಗಂಧದಲ್ಲಿ ಕಲಸಿದ ಕುಂಕುಮದ ಒಂದು ಬೊಟ್ಟು.

"ಅಕ್ಕಾ, ಮುಳ್ಳಿಗೂ ಇಟ್ಟಿದ್ದೀರಲ್ಲ!"

"ಅದ್ಕೇ ತಾನೆ ಇಕ್ಬೇಕಾಗಿರದು ಟೀಚರ್? ಮಚ್ಚಿಗೆ ಬೊಟ್ಟಿಕ್ಕದು ಬಾಯಿಗೆ, ಇಡಿಗಲ್ಲ. ಒಲಿಯೋ ಮಿಷಿನ್ಗೂ ಸೂಜಿಗೇ ಇಕ್ಕಿವ್ನಿ, ನೋಡಿ ಬೇಕಾದ್ರೆ" ಅಂದರು. ನೋಡಿದೆ. ಮೂಲೆಯಲ್ಲಿದ್ದ ಹೊಲಿಗೆ ಮಿಷಿನ್ನಿನ ಸೂಜಿಗೂ ಅಷ್ಟೇ ಅಂದವಾದ ಬೊಟ್ಟು. ಮಣೆಯ ಮೇಲೆ ಜೋಡಿಸಿದ್ದ ಮಚ್ಚು, ಕುಡುಗೋಲು, ಈಳಿಗೆ ಮಣೆ ಎಲ್ಲದರ ಬಾಯಿಗೂ ಕುಂಕುಮ. ಆ ಸಾಲಿನಲ್ಲಿ ಯಾವ ತಪ್ಪೂ ಕಾಣಲಿಲ್ಲ. ನಾನು ಕೂಡ ಕೈಮುಗಿದೆ.

ಆಗಲೇ ಸಾಹೇಬರು ಬಂದರು. ಕೈಯಲ್ಲಿ ಡಿಪೋದ ಪುರಿಯ ಪೊಟ್ಟಣ. ನೋಡಿದರು. ಪೊಟ್ಟಣ ಕೆಳಗೆ ಬಿತ್ತು, ಪುರಿ ನೆಲದ ತುಂಬ ಹರಡಿತು. ಭೂತಗನ್ನಡಿ ತಂದರು, ಮುಳ್ಳಿನ ಹತ್ತಿರ ಬಗ್ಗಿ ನೋಡಿದರು. ಗಂಧ ಒಣಗಿ ಮುಳ್ಳಿಗೆ ಕಚ್ಚಿಕೊಂಡಿತ್ತು. ಮುಳ್ಳನ್ನು ಹಿಡಿದಿರುವ ಕೂದಲೆಳೆಯಂಥ ಕಡ್ಡಿ, ಅಕ್ಕನ ಬೆರಳು ತಾಗಿ, ಒಂದು ಕಡೆಗೆ ಓರೆಯಾಗಿತ್ತು. ನನ್ನ ಜೊತೆ ಯಾವಾಗಲೂ ಆಫೀಸಿನ ಕನ್ನಡವನ್ನೇ ಆಡುತ್ತಿದ್ದ ಮನುಷ್ಯ, "ಮುಳ್ಳು ಓಯ್ತು ಕಣ್ರೀ ಟೀಚರ್" ಅಂದರು. ಅದುವರೆಗೂ ನಾನು ಅವರಿಗೆ ಮೇಡಂ.

ಅಕ್ಕನ ಮೇಲೆ ಕೂಗಾಡಿದರು. ಅಕ್ಕ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದರು. ಸಾಹೇಬರು ಸಣ್ಣ ಬ್ರಷ್ಷಿನಲ್ಲಿ ಸಂಜೆಯವರೆಗೂ ಕುಂಕುಮ ಬಿಡಿಸಿದರು. ಬೊಟ್ಟು ಬಿಟ್ಟಿತು, ಓರೆ ಹಾಗೇ ಉಳಿಯಿತು. ಮೈಸೂರಿನವರಿಗೆ ಫೋನ್ ಮಾಡಿದರೆ ಅವರು ಆ ಕಡೆಯಿಂದ ಸಂತಾಪ ಹೇಳಿದರಂತೆ. ಆಮೇಲೆ ಸಾಹೇಬರು ಯಂತ್ರದ ಮೇಲೆ ಬಿಳೀ ಪಂಚೆ ಹೊದಿಸಿದರು. ಬೀದಿಯವರು ಒಬ್ಬೊಬ್ಬರಾಗಿ ಬಂದು, ಹಾಲಿನಲ್ಲಿ ಕೂತು, ಹೇಗಾಯಿತು ಅಂತ ಕೇಳಿ, "ನಮ್ ಕೈಯಲ್ಲೇನಿದೆ ಸಾಹೇಬ್ರೇ" ಅಂದು ಎದ್ದು ಹೋದರು. ಬಿಸ್ಕತ್ತು ತಂದವರೂ ಇದ್ದರು.

ದೀಪಾವಳಿ ಹತ್ತಿರವಾಗುತ್ತಿತ್ತು. ಒಂದು ರಜಾ ದಿನ ಬೆಳಿಗ್ಗೆ ಅಕ್ಕ ಕಾಂಪೌಂಡಿನ ಮೇಲಿಂದ, "ಟೀಚರ್, ಒಸಿ ಬನ್ನಿ" ಅಂತ ಕರೆದರು. ಹೋದೆ. ಸಾಹೇಬರು ಪಂಚೆ ಹೊದ್ದ ಯಂತ್ರದ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಒಳಗಿಂದ ಧಾರೆ ಸೀರೆಯ ಸಮೇತ ಪ್ಲೇಟು ತಂದರು.

"ರೀ, ಇದ್ನ ಹಾಕಿ."

"ಹೇಗೆ ಹಾಕ್ಲಿ? ಮುಳ್ಳು ಕೆಟ್ಟಿದೆಯಲ್ಲ."

"ಅದ್ಕೇ ತಂದಿರದು. ಚೆನ್ನಾಗಿದ್ದಾಗ ಕೆಡ್ತದೆ ಅಂದ್ರಿ. ಈಗ ಕೆಟ್ಟದೆ. ಇನ್ನೇನ್ ಕೆಡ್ತದೆ?"

ಸಾಹೇಬರು ಪಂಚೆ ಹೊದ್ದ ಯಂತ್ರವನ್ನು ನೋಡಿದರು. ನನ್ನ ಕಡೆ ನೋಡಿದರು. ನಾನು ನಿಂತ ಫ್ಯಾನನ್ನು ನೋಡಿದೆ. ಪಂಚೆ ತೆಗೆದರು. ಪ್ಲೇಟನ್ನು ಅಂಚಿನಲ್ಲಿ ಹಿಡಿದು, ಅಭ್ಯಾಸಬಲದಿಂದ ಬೆಳಕಿಗೆ ಓರೆ ಮಾಡಿದರು. ತುಟಿ ಮುಂದಕ್ಕೆ ಬಂತು. ನಾನೂ ಅಕ್ಕನೂ ಆ ಒಂದು ಮಾತಿಗೆ ಕಾದೆವು. ಸಾಹೇಬರು ಅಕ್ಕನ ಮುಖ ನೋಡಿದರು. ಪ್ಲೇಟನ್ನು ತಟ್ಟೆಯ ಮೇಲಿಟ್ಟು, ಚುಕ್ಕಿಗಳು ನಿಲ್ಲುವವರೆಗೆ ಕಾದು, ಮುಳ್ಳು ಇಳಿಸಿದರು.

ಮೊದಲು ಹುರಳಿ ಹುರಿದ ಹಾಗೆ ಚಟಪಟ. ಆಮೇಲೆ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡ. ಆಮೇಲೆ ತುಂಬ ವಿನಯದ, ಸ್ವಲ್ಪ ಹೆದರಿದ, ಅಪ್ಪಟ ಸರಗೂರಿನ ಒಂದು ದನಿ ಕೇಳಿತು: "ಸುರು ಮಾಡ್ಲಾ ಸಾಮಿ?"

ಪ್ಲೇಟಿನ ಕಂಪನಿಯವರು ಅಷ್ಟು ಹೊತ್ತಿಗೆ ಆಗಲೇ ದನಿ ಮುದ್ರಿಸುವ ಯಂತ್ರ ಶುರುಮಾಡಿಬಿಟ್ಟಿದ್ದರು ಅಂತ ಕಾಣುತ್ತದೆ. ಆ ಮಾತನ್ನು ತೆಗೆದುಹಾಕುವ ಗೋಜಿಗೆ ಯಾರೂ ಹೋಗಿರಲಿಲ್ಲ. ಮದುವೆಮನೆಯ ಗದ್ದಲದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಕ್ಕಿಲ್ಲ, ಅಕ್ಕನಿಗೇ ಗೊತ್ತಿರಲಿಲ್ಲ.

"ಮಾಡಪ್ಪಾ" ಅಂದರು ಅಕ್ಕ.

ಪೇಟಿ ಶುರುವಾಯಿತು. ಹಾಡು ಬಂತು. ಓರೆ ಮುಳ್ಳಿಗೆ ಸಿಕ್ಕಿದಷ್ಟು ಬಂತು, ಅಲ್ಲಲ್ಲಿ ದನಿ ಕುಗ್ಗಿತು, ಒಂದು ಕಡೆ ಮುಳ್ಳು ಗೀರಿನಲ್ಲಿ ಸಿಕ್ಕಿಕೊಂಡು ಒಂದೇ ಸಾಲು ಮತ್ತೆ ಮತ್ತೆ ತಿರುಗಿತು. ಸಾಹೇಬರು ಏಳಲು ಹೋದರೆ ಅಕ್ಕ, "ಇರ್ಲಿ ಬುಡಿ, ಆಡ್ಲಿ" ಅಂದರು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅಕ್ಕ ಬೇಕಂತಲೇ ಇಟ್ಟುಬಂದಿದ್ದರೋ ಏನೋ. ಸಾಹೇಬರು ತಿರುಗಿಯೂ ನೋಡಲಿಲ್ಲ. ನಾನು ಅಳುತ್ತಿದ್ದೆ. ಆ ಮೇಷ್ಟ್ರನ್ನು ನಾನು ಕಂಡವಳಲ್ಲ, ಆದರೂ ಅಳು ಬಂತು.

ಹಾಡು ಮುಗಿದ ಮೇಲೆ ಅಕ್ಕ ಕಣ್ಣು ಒರೆಸಿಕೊಂಡು, ಸೊಂಟಕ್ಕೆ ಕೈಕೊಟ್ಟು ನಿಂತು, "ಈಗ ಯೋಳಿ. ಯಾವ್ ಗ್ರೇಡು?" ಅಂತ ಕೇಳಿದರು.

ಸಾಹೇಬರ ಬೆರಳುಗಳು ತಾವಾಗಿಯೇ ಒಂದನ್ನೊಂದು ಉಜ್ಜಿದವು, ಆಮೇಲೆ ನಿಂತವು. "ಇನ್ನೊಂದ್ಸಲ ಹಾಕ್ಲಾ?" ಅಂದರು.

ಅದಾದ ಮೇಲೆ ಸಾಹೇಬರು ಬದಲಾದರು ಅಂತ ಬರೆದರೆ ಸುಳ್ಳಾಗುತ್ತದೆ. ಉಪ್ಸಾರಿನ ಹರಾಜು ನಿಲ್ಲಲಿಲ್ಲ. ರುಬ್ಬೋ ಕಲ್ಲು ಅಡುಗೆಮನೆಗೆ ಮರಳಲಿಲ್ಲ. ಆದರೆ ಓರೆ ಮುಳ್ಳಿನ ಮನೆಗೆ ಮೈಸೂರಿನ ಕಾರು ಬರುವುದು ನಿಂತುಹೋಯಿತು. ಅವರ ಬದಲಿಗೆ ಸರಗೂರಿನ ಕಡೆಯಿಂದ ಬಸ್ಸಿನಲ್ಲಿ ಮೇಷ್ಟ್ರ ಹಳೇ ಶಿಷ್ಯರು ಬರತೊಡಗಿದರು. ಎಲ್ಲ ಮುದುಕರು, ಯಾವುದೋ ಕಾಲದಲ್ಲಿ ಕಿರೀಟ ಇಟ್ಟು ಗದೆ ಹೊತ್ತವರು. ಕೆಮ್ಮುತ್ತಿದ್ದರು, ನಡುವೆ ಎದ್ದು ಓಡಾಡುತ್ತಿದ್ದರು, ಹಾಡಿನ ಜೊತೆ ತಾವೂ ಹಾಡುತ್ತಿದ್ದರು. ಸಾಹೇಬರು ಬೀಡಿಯ ವಾಸನೆಗೆ ಮಾತ್ರ, "ಇದು ಲೋ ಸೊಪ್ಪು, ಹೊರಗೆ ಹೋಗಿ ಸೇದಿ" ಅನ್ನುತ್ತಿದ್ದರು.

ಇನ್ನೊಂದು ಅಭ್ಯಾಸವೂ ಹತ್ತಿತ್ತು. ಪ್ಲೇಟಿನಲ್ಲಿ ಮೇಷ್ಟ್ರು "ಸುರು ಮಾಡ್ಲಾ ಸಾಮಿ?" ಅಂದ ಮೇಲೆ ಪೇಟಿ ಶುರುವಾಗುವ ಮೊದಲು ಒಂದು ಸಣ್ಣ ಬಿಡುವಿದೆ. ಯಾರಾದರೂ ಒಂದು ಮಾತು ಹೇಳುವಷ್ಟು. ಆ ಬಿಡುವಿನಲ್ಲಿ ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಡಿಪೋದ ಗತ್ತಿನಲ್ಲೇ, "ಮಾಡಿ ಮಾವ" ಅನ್ನುತ್ತಿದ್ದರು. ಕಾಂಪೌಂಡಿನ ಈಚೆ ಪಾತ್ರೆ ತೊಳೆಯುತ್ತಿದ್ದ ನನಗೂ ಅದು ಕೇಳುತ್ತಿತ್ತು.

ಕೊನೆಗೆ ಎದೆನೋವು ಬಂದು ಮೈಸೂರಿನ ಆಸ್ಪತ್ರೆಯಲ್ಲಿದ್ದರು. ನೋಡಲು ಹೋದಾಗ ಅಕ್ಕ ಗಂಜಿ ಕುಡಿಸುತ್ತಿದ್ದರು. ಸಾಹೇಬರು ಒಂದು ಚಮಚ ಬಾಯಿಗಿಟ್ಟುಕೊಂಡು, ಕಣ್ಣು ಅರೆ ಮುಚ್ಚಿ, "ನೋ ಬಿಡ್" ಅಂದರು. ನಾನು ಅವರ ಬಾಯಿಂದ ಕೇಳಿದ ಕೊನೆಯ ಗ್ರೇಡು ಅದೇ.

ಈ ಸಲದ ಆಯುಧಪೂಜೆಗೆ ಅಕ್ಕ ನನ್ನನ್ನೂ ನಮ್ಮಪ್ಪನನ್ನೂ ಕರೆದಿದ್ದರು. ಮಣೆಯ ಮೇಲೆ ಮಚ್ಚು, ಕುಡುಗೋಲು, ಈಳಿಗೆ ಮಣೆ. ಎಲ್ಲದರ ಬಾಯಿಗೂ ಕುಂಕುಮ. ಹೊಲಿಗೆ ಮಿಷಿನ್ನಿನ ಸೂಜಿಗೂ ಬೊಟ್ಟು. ಆಮೇಲೆ ಯಂತ್ರದ ಮುಚ್ಚಳ ತೆರೆದು, ತಟ್ಟೆಯ ಅಂಚಿಗೆ ಒಂದು, ಚಪ್ಪಡಿಗೆ ಒಂದು, ಕೆಳಗಿನ ರುಬ್ಬೋ ಕಲ್ಲಿಗೆ ದೊಡ್ಡದಾಗಿ ಒಂದು ಬೊಟ್ಟಿಟ್ಟರು. ತೋಳಿನ ತುದಿಯ ಹತ್ತಿರ ಬಂದ ಬೆರಳು ಹಿಂದಕ್ಕೆ ಹೋಯಿತು.

"ಅಕ್ಕಾ, ಮುಳ್ಳಿಗೆ?" ಅಂದೆ.

"ಅದ್ಕೆ ಇಕ್ಬಾರ್ದು ಟೀಚರ್. ಕೆಟ್ಟೋಯ್ತದೆ."

"ಮತ್ತೆ ಅವತ್ತು ಇಟ್ಟಿರಲ್ಲ?"

ಅಕ್ಕ ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡರು. "ಅವತ್ತು ಇಕ್ಬೇಕಾಗಿತ್ತು" ಅಂದರು.

ನಮ್ಮಪ್ಪ ನಗು ತಡೆಯಲು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರು. ಅಕ್ಕ ಧಾರೆ ಸೀರೆಯಿಂದ ಪ್ಲೇಟು ತೆಗೆದು ತಟ್ಟೆಯ ಮೇಲಿಟ್ಟು, ಸಾಹೇಬರ ಹಾಗೆಯೇ ಬಗ್ಗಿ, ಚುಕ್ಕಿಗಳು ನಿಲ್ಲುವವರೆಗೆ ನೋಡಿ, ಮುಳ್ಳು ಇಳಿಸಿದರು. ಚಟಪಟ ಆಯಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಸುರು ಮಾಡ್ಲಾ ಸಾಮಿ?" ಅಂತ ಕೇಳಿದರು. ಅಕ್ಕ ಖಾಲಿ ಕುರ್ಚಿಯ ಕಡೆ ನೋಡಿದರು. ಯಾರೂ ಹೇಳದಿದ್ದರೂ ಪೇಟಿ ಶುರುವಾಯಿತು.